ಮಾತಾಡಲಿಕ್ಕೆ ರಜೆ

ಹಲ್ಲಿನ ಸೆಟ್ಟು ಮಾಡುವ ಆ ಲ್ಯಾಬಿನಲ್ಲಿ ರಜೆ ಬೇಕೆಂದರೆ ಯಾರಾದರೂ ಕಾಯಿಲೆ ಬೀಳಬೇಕಿತ್ತು, ಇಲ್ಲವೇ ಸಾಯಬೇಕಿತ್ತು. ಇದು ಯಜಮಾನರು ಮಾಡಿದ ಕಾನೂನಲ್ಲ. ಪಾಪ, ಅವರು ಯಾರು ಬಂದು ರಜೆ ಕೇಳಿದರೂ ಕನ್ನಡಕದ ಮೇಲಿಂದ ಒಮ್ಮೆ ನೋಡಿ 'ಹೂಂ' ಅನ್ನುವ ಮನುಷ್ಯ. ಕಾನೂನನ್ನು ಕೆಲಸದವರೇ ಮಾಡಿಕೊಂಡಿದ್ದರು, ಅದಕ್ಕೇ ಅದು ಅಷ್ಟು ಗಟ್ಟಿಯಾಗಿತ್ತು. ಒಬ್ಬರು ಬರದಿದ್ದರೆ ಅವರ ಮೇಜಿನ ಮೇಲಿದ್ದ ಟ್ರೇಗಳನ್ನು ಉಳಿದವರು ಹಂಚಿಕೊಂಡು ಮುಗಿಸಬೇಕು. ಮುಗಿಯುವ ತನಕ ಯಾರೂ ಮನೆಗೆ ಹೋಗುವ ಹಾಗಿಲ್ಲ. ಒಂದೊಂದು ಟ್ರೇಯಲ್ಲೂ ಯಾರದೋ ಒಂದು ಬಾಯಿಯ ಅಚ್ಚು, ಆ ಬಾಯಿಗೆ ಬೇಕಾದ ಹಲ್ಲು, ಡಾಕ್ಟರು ಕೊಟ್ಟ ತಾರೀಕು ಇರುತ್ತಿದ್ದವು.

"ಅಲ್ಲೊಬ್ಬರು ಅಗಿಯೋಕಾಗದೆ ಕೂತಿದಾರೆ" ಅನ್ನುತ್ತಿದ್ದರು ದೊಡ್ಡಮ್ಮ. ಅವರು ಅಲ್ಲಿ ಎಲ್ಲರಿಗಿಂತ ಹಿರಿಯರು, ಪಾಲಿಶ್ ಮಾಡುವವರು. ಅವರ ಯಂತ್ರದ ಚಕ್ರ ನಿಂತರೆ ಲ್ಯಾಬಿನಲ್ಲಿ ಸಂಜೆಯಾಯಿತೆಂದು ಅರ್ಥ.

ಹೀಗಾಗಿ ರಜೆ ಹಾಕುವುದೆಂದರೆ ಉಳಿದವರ ಸಂಜೆಯನ್ನು ಕಿತ್ತುಕೊಳ್ಳುವುದು. ಅದಕ್ಕೆ ತಕ್ಕ ಕಾರಣ ಬೇಡವೇ? ಅಚ್ಚು ಎರೆಯುವವನ ಅಜ್ಜಿ ಈ ತನಕ ಮೂರು ಸಲ ತೀರಿಕೊಂಡಿದ್ದಳು. ಮೂರು ಸಲವೂ ಎಲ್ಲರೂ ಮುಖ ಸಪ್ಪಗೆ ಮಾಡಿಕೊಂಡು 'ವಯಸ್ಸಾಗಿತ್ತಲ್ಲ ಬಿಡಪ್ಪ' ಎಂದು ಸಮಾಧಾನ ಹೇಳಿದ್ದರು. ಯಾರೂ ಕೆದಕಲಿಲ್ಲ. ತಮ್ಮ ತಮ್ಮ ಅಜ್ಜಿಯರು ಯಾವಾಗ ಬೇಕಾಗುತ್ತಾರೋ ಯಾರಿಗೆ ಗೊತ್ತು.

ಆದರೆ ನಮ್ಮ ಪುಟ್ಟಿಗೆ ಆ ವಿದ್ಯೆ ಒಲಿದಿರಲಿಲ್ಲ. ಐವತ್ತು ದಾಟಿದ ಹೆಂಗಸನ್ನು ಪುಟ್ಟಿ ಎಂದು ಕರೆಯುವುದು ಅವಳ ಅಕ್ಕ ಒಬ್ಬಳೇ. ಕಥೆ ಅಕ್ಕನದೂ ಆಗಿರುವುದರಿಂದ ನಾವೂ ಹಾಗೇ ಕರೆದರೆ ತಪ್ಪಿಲ್ಲ. ಪುಟ್ಟಿಯ ಕೆಲಸ ಮೇಣದ ಮೇಲೆ ಹಲ್ಲು ಕೂರಿಸುವುದು. ಒಂದೊಂದೇ ಹಲ್ಲನ್ನು ಎತ್ತಿ, ಮೇಣ ಬಿಸಿ ಮಾಡಿ, ಓರೆ ನೋಡಿ, ಒತ್ತಿ, ಮತ್ತೆ ತೆಗೆದು, ಮತ್ತೆ ಕೂರಿಸುವುದು. ದಿನವಿಡೀ ಬಾಯಿಗಳ ಜೊತೆ ಇದ್ದೂ ಬಾಯಿ ಬಿಡದ ಹೆಂಗಸು ಎಂದು ಅಚ್ಚಿನವನು ರೇಗಿಸುತ್ತಿದ್ದ. ಜ್ವರ ಬಂದಾಗಲೂ ಮಾತ್ರೆ ನುಂಗಿ ಬಂದು ಕೂರುತ್ತಿದ್ದಳು. ಮನೆಯಲ್ಲಿ ಮಲಗಿದರೆ ಮೈ ತಣ್ಣಗಾದರೂ ಮನಸ್ಸು ಸುಡುತ್ತಿತ್ತು. ಅಷ್ಟು ಹೊತ್ತಿಗೆ ತನ್ನ ಟ್ರೇ ಯಾರ ಕೈಯಲ್ಲಿದೆಯೋ, ಯಾರ ಮನೆಯಲ್ಲಿ ಯಾರು ದಾರಿ ಕಾಯುತ್ತಿದ್ದಾರೋ ಎಂದು ಮಗ್ಗುಲು ಬದಲಾಯಿಸುವುದಕ್ಕಿಂತ ಬಂದು ಕೂರುವುದೇ ಆರಾಮ ಅನ್ನಿಸುತ್ತಿತ್ತು.

ಅಕ್ಕ ಇದಕ್ಕೆ ತದ್ವಿರುದ್ಧ. ಬೇರೆ ಊರಿನಲ್ಲಿ ಪರದೆ ಬಟ್ಟೆ ಮಾರುವ ಅಂಗಡಿಯ ಕೌಂಟರಿನಲ್ಲಿ ಜೀವಮಾನವೆಲ್ಲ ನಿಂತವಳು. ಕಿಟಕಿಯೇ ಇಲ್ಲದವರಿಗೂ ಪರದೆ ಮಾರಿ ಕಳಿಸುವ ಬಾಯಿ ಅದು. ಫೋನು ಮಾಡಿದರೆ ಇಡುವುದು ಅವಳ ಜಾತಕದಲ್ಲೇ ಇರಲಿಲ್ಲ. ಕೆಲವು ತಿಂಗಳಿಂದ ಅವಳ ದನಿ ಗೊಗ್ಗರಾಗಿತ್ತು. ಶೀತ ಅಂದುಕೊಂಡಿದ್ದರು.

ಶೀತವಾಗಿರಲಿಲ್ಲ.

"ಗಂಟಲಲ್ಲಿ ಗಂಟಂತೆ ಕಣೇ. ಧ್ವನಿಪೆಟ್ಟಿಗೆನೇ ತೆಗೀಬೇಕಂತೆ. ಬರೋ ಸೋಮವಾರ" ಎಂದಳು ಅಕ್ಕ ಫೋನಿನಲ್ಲಿ. ಯಾವುದೋ ಬಟ್ಟೆಗೆ ಅಳತೆ ಹೇಳಿದಷ್ಟು ಸಲೀಸಾಗಿ ಹೇಳಿದಳು. "ಜೀವಕ್ಕೇನೂ ಭಯ ಇಲ್ವಂತೆ. ಆಮೇಲೆ ಯಾವುದೋ ಯಂತ್ರ ಇಟ್ಕೊಂಡು ಮಾತಾಡೋದು ಕಲಿಸ್ತಾರಂತೆ. ಆದ್ರೆ ಅದು ನನ್ನ ದನಿ ಅಲ್ವಲ್ಲ."

ಪುಟ್ಟಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಆಪರೇಷನ್‌ಗೆ ನೀನು ಬರಬೇಡ. ಮಗ ಇರ್ತಾನೆ. ಅದಕ್ಕೆ ಮುಂಚೆ ಬಾ. ನನಗೆ ಬಾಯಿ ಇರೋವಾಗ ಬಾ. ಮಾತಾಡಬೇಕು."

"ಏನು ವಿಷಯ ಅಕ್ಕ?"

"ವಿಷಯ ಏನೂ ಇಲ್ಲ. ಸುಮ್ನೆ."

ತೊಂದರೆ ಇದ್ದದ್ದು ಆ 'ಸುಮ್ನೆ'ಯಲ್ಲಿ. ಆಪರೇಷನ್ನಿಗೆ ರಜೆ ಕೇಳಬಹುದು, ಅದು ಕಾರಣ. ಮೂರು ದಿನ ಹರಟೆ ಹೊಡೆಯಲು ಹೋಗುತ್ತೇನೆ ಎಂದು ಯಾವ ಬಾಯಲ್ಲಿ ಕೇಳುವುದು? ಅದೂ ದೊಡ್ಡಮ್ಮನ ಎದುರಿಗೆ? ಪುಟ್ಟಿಯ ತಲೆ ಲ್ಯಾಬಿನ ತಲೆಯಾಗಿಬಿಟ್ಟಿತ್ತು. ಅದು ತನ್ನ ಪಾಡಿಗೆ ತಾನು ಲೆಕ್ಕ ಹಾಕಿ, ಇರುವ ಒಂದೇ ನ್ಯಾಯವಾದ ಕಾರಣವನ್ನು ಸರಿಯಾದ ದಿನಕ್ಕೆ ಎತ್ತಿಟ್ಟುಕೋ ಎಂದಿತು.

"ಸೋಮವಾರಾನೇ ಬರ್ತೀನಿ ಅಕ್ಕ. ಔಷಧಿ ತರೋಕೆ, ಬಿಸಿನೀರು ಕೊಡೋಕೆ, ಒಂದು ಕೆಲಸಕ್ಕಾದ್ರೂ ಆಗ್ತೀನಿ. ಈಗ ಬಂದು ಏನು ಮಾಡ್ಲಿ?"

"ಆಗಲಿ" ಎಂದಳು ಅಕ್ಕ. ಫೋನು ಇಟ್ಟಳು.

ಹುಟ್ಟಿದಾಗಿನಿಂದ ಅಕ್ಕ ಯಾವುದಕ್ಕೂ ಒಂದೇ ಪದದಲ್ಲಿ ಒಪ್ಪಿದವಳಲ್ಲ, ತಾನಾಗಿ ಫೋನು ಇಟ್ಟವಳಲ್ಲ. ಪುಟ್ಟಿ ಫೋನು ಹಿಡಿದುಕೊಂಡೇ ಕೂತಿದ್ದಳು. ಗಂಡ ಪೇಪರಿನ ಹಿಂದಿನಿಂದ, "ಹೋಗ್ಬಾರದಾ? ಅಷ್ಟು ವರ್ಷ ಕೂಡಿಟ್ಟ ರಜೆಗೇನು ಬಡ್ಡಿ ಬರತ್ತಾ?" ಎಂದ. ಅವನಿಗೇನು, ಹೇಳಿಬಿಟ್ಟ.

ಮರುದಿನ ಬೆಳಿಗ್ಗೆ ಪುಟ್ಟಿ ಯಜಮಾನರ ಎದುರಿಗೆ ನಿಂತು, "ಸರ್, ಅಕ್ಕನಿಗೆ ಗಂಟಲು ಆಪರೇಷನ್. ಮೂರು ದಿನ ಬೇಕಿತ್ತು, ನಾಳೆಯಿಂದ" ಎಂದಳು. ಸೋಮವಾರ ಎಂಬ ಪದವನ್ನು ನುಂಗಿಕೊಂಡಳು, ಅಷ್ಟೇ. ಸುಳ್ಳು ಹೇಳಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಯಜಮಾನರು 'ಹೂಂ' ಅಂದರು. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಸುದ್ದಿ ತಿಳಿದ ದೊಡ್ಡಮ್ಮ ಚಕ್ರ ನಿಲ್ಲಿಸಿ, ಕೈ ಒರೆಸಿಕೊಂಡು, ಅವಳ ಮೇಜಿನ ತನಕ ನಡೆದು ಬಂದರು. ಮಂಡಿ ನೋವಿನ ಕಾಲಲ್ಲಿ ಅಷ್ಟು ದೂರ ಬರುವುದು ಸುಮ್ಮನೆ ಮಾತಲ್ಲ.

"ಹೋಗಮ್ಮ, ಧೈರ್ಯವಾಗಿ ಹೋಗು. ಟ್ರೇ ಚಿಂತೆ ಬಿಡು. ನಾವಿಲ್ವಾ?" ಎಂದು ಹೆಗಲ ಮೇಲೆ ಕೈಯಿಟ್ಟರು.

ಬೈದಿದ್ದರೂ ಪುಟ್ಟಿಗೆ ಅಷ್ಟು ನೋಯುತ್ತಿರಲಿಲ್ಲ.

ಅಕ್ಕನ ಮನೆ ಮೂರನೇ ಮಹಡಿಯಲ್ಲಿ. ಎರಡು ಕೋಣೆಗೆ ಹನ್ನೆರಡು ಕೋಣೆಗಾಗುವಷ್ಟು ಪರದೆ. ಬಾಗಿಲು ತೆರೆದ ಅಕ್ಕನ ಮುಖ ಅರಳಿತು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು. ಮಹಡಿಯ ಮೇಲಿನವಳು ಗಂಡನನ್ನು ಬಿಟ್ಟದ್ದು, ಮತ್ತೆ ಸೇರಿಸಿಕೊಂಡದ್ದು, ಸೇರಿಸಿಕೊಂಡ ಮೇಲೆ ಅವನ ಗೊರಕೆಗೆ ಮತ್ತೆ ಬಿಡಬೇಕೆಂದಿರುವುದು. ಪುಟ್ಟಿ 'ಹೌದಾ' ಎನ್ನುತ್ತ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಲು ನಿಂತಳು. ಪಾತ್ರೆ ಮುಗಿಯಿತು, ಒಲೆ ಉಜ್ಜಿದಳು. ಒಲೆ ಮುಗಿಯಿತು, ಡಬ್ಬಗಳನ್ನೆಲ್ಲ ಕೆಳಗಿಳಿಸಿ ಕಪಾಟು ಒರೆಸಿದಳು. ಆಮೇಲೆ ಪರದೆಗಳ ಮೇಲೆ ಕಣ್ಣು ಬಿತ್ತು. ಅಕ್ಕ ಅವಳ ಹಿಂದೆ ಕೋಣೆಯಿಂದ ಕೋಣೆಗೆ ಬಂದು, ಬಾಗಿಲಿಗೆ ಒರಗಿ, ಆ ಒಡೆದ ದನಿಯಲ್ಲೇ ನಲ್ಲಿಯ ನೀರಿನ ಸದ್ದಿಗೆ ಪೈಪೋಟಿ ಕೊಡುತ್ತಿದ್ದಳು.

"ನಲ್ಲಿ ನಿಲ್ಸೇ. ಕೇಳಿಸ್ತಿದ್ಯಾ ನಿಂಗೆ?"

"ಕೇಳಿಸ್ತಿದೆ, ಹೇಳು. ಇದೊಂದು ಪರದೆ ಹಿಂಡಿಬಿಡ್ತೀನಿ."

ಅರ್ಧವೂ ಕೇಳಿಸುತ್ತಿರಲಿಲ್ಲ. ಆದರೆ ಕೈ ಖಾಲಿಯಾದರೆ ಪುಟ್ಟಿಗೆ ಮುಳ್ಳಿನ ಮೇಲೆ ಕೂತ ಹಾಗಾಗುತ್ತಿತ್ತು. ರಜೆ ತೆಗೆದುಕೊಂಡದ್ದಕ್ಕೆ ಏನಾದರೂ ಕೆಲಸ ತೋರಿಸಬೇಕಲ್ಲ. ಯಾರಿಗೆ ತೋರಿಸಬೇಕು ಎಂಬುದು ಬೇರೆ ಮಾತು. ಸಂಜೆಯಾದಾಗ, ಈಗ ಅಲ್ಲಿ ತನ್ನ ಟ್ರೇಗಳನ್ನು ಹಂಚಿಕೊಳ್ಳುತ್ತಿರುತ್ತಾರೆ ಎಂದು ನೆನಪಾಯಿತು. ಒಗೆಯದೆ ಉಳಿದಿದ್ದ ಎರಡು ಪರದೆಗಳನ್ನೂ ನೀರಿಗೆ ಹಾಕಿದಳು. ಮೊದಲ ದಿನ ಹೀಗೆ ಕಳೆಯಿತು.

ಎರಡನೆಯ ದಿನ ಮಧ್ಯಾಹ್ನ ಅಚ್ಚಿನವನ ಫೋನು ಬಂತು. ಪುಟ್ಟಿ ಒದ್ದೆ ಕೈಯಲ್ಲೇ ಎತ್ತಿದಳು. ಅಕ್ಕ ಪಕ್ಕದ ಕೋಣೆಯಿಂದಲೇ, ಕೌಂಟರಿನಲ್ಲಿ ಒಬ್ಬ ಗಿರಾಕಿ ತನ್ನನ್ನು ಮೂರು ಗಂಟೆ ಸತಾಯಿಸಿ ಕೊನೆಗೆ ಒಂದು ಕರ್ಚೀಫಿನಷ್ಟು ಬಟ್ಟೆ ಕೊಂಡ ಕಥೆಯನ್ನು ಜೋರಾಗಿ ಹೇಳುತ್ತಿದ್ದಳು.

"ಅಕ್ಕ, ನಿಮ್ಮಕ್ಕನ ಆಪರೇಷನ್ ಆಯ್ತಾ? ಹೇಗಿದಾರೆ?" ಎಂದ ಅಚ್ಚಿನವನು. ನಿಜವಾಗಿ ಮರುಗಿದ ದನಿ.

"ಆಯ್ತಪ್ಪ. ಪರವಾಗಿಲ್ಲ. ಮಾತಾಡೋಕಾಗಲ್ಲ ಅಷ್ಟೇ."

"ಅಯ್ಯೋ ಪಾಪ. ಅದ್ಯಾರು ಹಿಂದೆ ಅಷ್ಟು ಜೋರಾಗಿ ಮಾತಾಡ್ತಿರೋದು?"

"ಅದು... ಅವಳ ನಾದಿನಿ. ನೋಡೋಕೆ ಬಂದಿದಾಳೆ."

"ಪೇಷೆಂಟ್ ಮುಂದೆ ಸ್ವಲ್ಪ ಮೆತ್ತಗೆ ಮಾತಾಡೋಕೆ ಹೇಳಿ" ಎಂದು ಅವನು ಫೋನಿಟ್ಟ.

ಪುಟ್ಟಿ ತಿರುಗಿದಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕಥೆ ಯಾವಾಗ ನಿಂತಿತ್ತೋ ತಿಳಿಯದು.

"ನನಗೆ ನಾದಿನಿ ಯಾವಾಗ ಹುಟ್ಟಿದಳು?" ಎಂದಳು.

ಪುಟ್ಟಿ ನಾಲಿಗೆ ಕಚ್ಚಿಕೊಂಡಳು. ಬಚ್ಚಿಟ್ಟು ಉಪಯೋಗವಿರಲಿಲ್ಲ. ಲ್ಯಾಬಿನ ಕಟ್ಟುಪಾಡು, ನುಂಗಿಕೊಂಡ ಸೋಮವಾರ, ದೊಡ್ಡಮ್ಮ ಹೆಗಲ ಮೇಲಿಟ್ಟ ಕೈ ಎಲ್ಲವನ್ನೂ ಹೇಳಿದಳು. ಅಕ್ಕ ಮಧ್ಯೆ ಬಾಯಿ ಹಾಕದೆ ಕೇಳಿದಳು. ಅದೇ ಮೊದಲ ಸಲವಿರಬೇಕು.

"ಅಂದ್ರೆ ನಿನ್ನ ಜನರ ಲೆಕ್ಕದಲ್ಲಿ ನಾನು ಆಗಲೇ ಮೂಕಿ" ಎಂದಳು ಅಕ್ಕ. "ಇನ್ನೂ ನಾಲ್ಕು ದಿನ ಇತ್ತಲ್ಲೇ. ಅದನ್ನೂ ಕಿತ್ಕೊಂಡ್ಯಾ?"

"ಅಕ್ಕ, ಹಾಗಲ್ಲ..."

"ಅಕ್ಕನ ಜೊತೆ ಮಾತಾಡೋಕೆ ಹೋಗ್ತೀನಿ ಅನ್ನೋಕೆ ಅಷ್ಟು ನಾಚಿಕೆನಾ?"

"ನಾಚಿಕೆ ಅಲ್ಲ. ಅಲ್ಲಿ ಅದು ಕಾರಣ ಅಂತ ಅನ್ನಿಸ್ಕೊಳ್ಳಲ್ಲ."

"ಇಲ್ಲೂ ಅನ್ನಿಸ್ಕೊಳ್ತಿಲ್ಲ. ನಿನ್ನೆಯಿಂದ ನನ್ನ ಮುಖಕ್ಕಿಂತ ನನ್ನ ಪಾತ್ರೆ ಮುಖ ಹೆಚ್ಚು ನೋಡಿದೀಯ." ಅಕ್ಕ ಒಳಗೆ ಹೋಗಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು.

ಪುಟ್ಟಿ ಹಾಲಿನ ಕುರ್ಚಿಯಲ್ಲಿ ಕೂತಳು. ಒರೆಸಲು ಏನೂ ಉಳಿದಿರಲಿಲ್ಲ. ಇದ್ದರೂ ಕೈ ಏಳುತ್ತಿರಲಿಲ್ಲ. ಒಗೆದ ಪರದೆಗಳು ಒಣಗಲು ಹೋಗಿದ್ದರಿಂದ ಕಿಟಕಿಗಳು ಬೋಳಾಗಿದ್ದವು. ಬಿಸಿಲು ನೇರವಾಗಿ ನೆಲಕ್ಕೆ ಬಿದ್ದಿತ್ತು. ಮನೆಯಲ್ಲಿ ಗೋಡೆ ಗಡಿಯಾರ ಇತ್ತೆಂಬುದು ಅವಳಿಗೆ ಗೊತ್ತಾದದ್ದೇ ಆಗ. ಅದರ ಸದ್ದು ಇಷ್ಟು ವರ್ಷ ಅಕ್ಕನ ಮಾತಿನ ಕೆಳಗೆ ಮುಚ್ಚಿಹೋಗಿತ್ತು. ಸೋಮವಾರದ ಮೇಲೆ ಈ ಮನೆ ಹೀಗೇ ಇರುತ್ತದೆ ಎಂದುಕೊಂಡಳು. ಇಂಥ ಮಧ್ಯಾಹ್ನಗಳು ಮುಂದೆ ಬೇಕಾದಷ್ಟು ಬರಲಿದ್ದವು. ಇವತ್ತಿನದೊಂದು ಬರಬೇಕಾಗಿರಲಿಲ್ಲ. ಅದನ್ನು ತಾನೇ ಕೈಯಾರೆ ತಂದಿದ್ದಳು.

ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ಗೊಗ್ಗರು ದನಿ ಬಂತು. "ಸಿಟ್ಟು ಮಾಡ್ಕೊಳ್ಳೋಕೂ ನನಗೀಗ ಟೈಮಿಲ್ಲ. ಬಾ ಇಲ್ಲಿ. ಬರಿಗೈಯಲ್ಲಿ ಬಾ."

ಪುಟ್ಟಿ ಹೋಗಿ ಮಂಚದ ಮೇಲೆ ಕಾಲು ಮಡಿಸಿ ಕೂತಳು. ಅಕ್ಕ ಶುರು ಮಾಡಿದಳು. ಏನು ಮಾತಾಡಿದಳೆಂದು ಯಾರಾದರೂ ಕೇಳಿದರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಗುಟ್ಟು ಬಿಚ್ಚಲಿಲ್ಲ, ಬುದ್ಧಿ ಹೇಳಲಿಲ್ಲ, ಯಾರನ್ನೂ ಕ್ಷಮಿಸಲಿಲ್ಲ. ತೀರಿಹೋದ ಗಂಡನ ಜಿಪುಣತನವನ್ನು ಆಡಿಕೊಂಡಳು. ಮಗನಿಗೆ ಹುಡುಗಿ ಯಾಕೆ ಸಿಗುತ್ತಿಲ್ಲ ಎಂಬುದಕ್ಕೆ ಹಲವು ಕಾರಣ ಕೊಟ್ಟಳು. ಅವುಗಳಲ್ಲಿ ಹೆಚ್ಚಿನವು ಅವನ ಕಿವಿಗೆ ಸಂಬಂಧಪಟ್ಟವು. ಪುಟ್ಟಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಡುವೆ ಎಲ್ಲೋ ಅಕ್ಕ, ಅಮ್ಮನಿಗೆ ರಾತ್ರಿ ಪಾಳಿ ಇದ್ದ ವರ್ಷಗಳ ಮಾತೆತ್ತಿದಳು.

"ಇಬ್ಬರೇ ಮಲಗ್ತಿದ್ವಲ್ಲ. ನಾನು ಮಾತು ನಿಲ್ಸಿದ್ರೆ ನೀನು ಅಳ್ತಿದ್ದೆ. ಹೇಳೋಕೆ ಏನೂ ಇಲ್ದಿದ್ರೂ ಬಾಯಿಗೆ ಬಂದದ್ದು ಹೇಳ್ತಾ ಇರ್ತಿದ್ದೆ. ನನಗೂ ಭಯಾನೇ ಆಗ್ತಿತ್ತು ಕಣೇ. ಅಲ್ಲಿಂದ ಶುರುವಾದ ಬಾಯಿ ಇದು, ಇನ್ನೂ ನಿಂತಿಲ್ಲ."

ಪುಟ್ಟಿಗೆ ಇದೊಂದೂ ನೆನಪಿರಲಿಲ್ಲ. ಅಕ್ಕ ವಾಚಾಳಿ ಎಂದು ಅವಳೂ ಎಲ್ಲರ ಜೊತೆ ಸೇರಿ ಆಡಿಕೊಂಡವಳೇ. ಅಕ್ಕನ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಸುಮ್ಮನೆ ಒತ್ತುತ್ತ ಕೂತಳು. ಮೂರನೆಯ ದಿನವೂ ಹಾಗೇ ಕಳೆಯಿತು. ಪರದೆಗಳು ಹೊರಗೆ ಒಣಗಿ ಗರಿಗರಿಯಾದರೂ ಇಬ್ಬರೂ ಏಳಲಿಲ್ಲ.

ಶನಿವಾರ ಬೆಳಿಗ್ಗೆ ಲ್ಯಾಬಿಗೆ ಬಂದಾಗ ಅವಳ ಮೇಜು ಖಾಲಿಯಾಗಿ, ಒರೆಸಿಟ್ಟಂತೆ ಇತ್ತು. ಅಚ್ಚಿನವನು ಎದ್ದು ನಿಂತು, "ಅಕ್ಕ ಹೇಗಿದಾರೆ? ನೋವಿದ್ಯಾ?" ಎಂದು ಕೇಳಿದ. ದೊಡ್ಡಮ್ಮ ಚಕ್ರ ನಿಲ್ಲಿಸಿ ಈ ಕಡೆ ತಿರುಗಿದರು. 'ಪರವಾಗಿಲ್ಲ' ಎಂದರೆ ಸಾಕಿತ್ತು, ಯಾರೂ ಕೆದಕುತ್ತಿರಲಿಲ್ಲ. ಮೂರು ಸಲ ಸತ್ತ ಅಜ್ಜಿಗೆ ಸಿಕ್ಕ ಮರ್ಯಾದೆ ಅವಳಿಗೂ ಸಿಗುತ್ತಿತ್ತು. ಆದರೆ ಇನ್ನೊಂದು ಸಲ ಅಕ್ಕನನ್ನು ಮೂಕಿ ಮಾಡಲು ಪುಟ್ಟಿಗೆ ನಾಲಿಗೆ ಏಳಲಿಲ್ಲ.

"ಆಪರೇಷನ್ ಇನ್ನೂ ಆಗಿಲ್ಲ" ಎಂದಳು. "ಸೋಮವಾರ ಇದೆ. ಅವತ್ತಿಂದ ಅವಳಿಗೆ ದನಿ ಇರಲ್ಲ. ಅದಕ್ಕೇ ಮುಂಚೆ ಹೋಗಿದ್ದೆ, ಮಾತಾಡೋಕೆ. ನಿಮಗೆ ಸುಳ್ಳು ಹೇಳಿದೆ."

"ಮಾತಾಡೋಕೆ?" ಎಂದರು ದೊಡ್ಡಮ್ಮ.

"ಹೂಂ."

"ಮೂರು ದಿನ?"

"ಎರಡೇ ಅನ್ನಿ. ಒಂದು ದಿನ ಪಾತ್ರೆ ತೊಳೆದೆ."

ಅಚ್ಚಿನವನಿಗೆ ನಗು ಬಂದು ಕೆಮ್ಮಿಗೆ ತಿರುಗಿಸಿದ. ದೊಡ್ಡಮ್ಮ ನಗಲಿಲ್ಲ. "ಗುರುವಾರ ನನ್ನ ಮೊಮ್ಮಗಳ ಶಾಲೇಲಿ ನಾಟಕ ಇತ್ತು. ಅವಳು ಮರ ಆಗಿದ್ದಳು. ಮಾತಿಲ್ಲ ಕತೆಯಿಲ್ಲ, ಸುಮ್ನೆ ನಿಂತ್ಕೊಳ್ಳೋದು. ಅಜ್ಜಿ ಬರ್ತಾಳೆ ಅಂತ ಬಾಗಿಲೇ ನೋಡ್ತಾ ನಿಂತಿದ್ದಳಂತೆ. ನಾನು ಇಲ್ಲಿ ನಿನ್ನ ಹಲ್ಲು ಕೂರಿಸ್ತಿದ್ದೆ" ಎಂದರು.

ಪುಟ್ಟಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ವರ್ಷಗಟ್ಟಲೆ ಹೆದರಿದ್ದು ಇದಕ್ಕೇ, ಕೊನೆಗೆ ಅದೇ ಆಗಿತ್ತು. ಆ ಮಗುವಿಗೆ, ಈ ಮುದುಕಿಗೆ ಅವಳು ಏನು ಕೊಟ್ಟರೂ ಆ ಸಂಜೆ ಹಿಂದಕ್ಕೆ ಬರುವುದಿಲ್ಲ.

"ತಪ್ಪಾಯ್ತು ದೊಡ್ಡಮ್ಮ. ನಿಜ ಹೇಳಿದ್ದರೆ ನೀವು ನನ್ನ ಟ್ರೇ ಬಿಟ್ಟು ಹೋಗಬಹುದಿತ್ತು" ಎಂದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಈಗ ಕೇಳದಿದ್ದರೆ ಮತ್ತೆ ಯಾವತ್ತೂ ಕೇಳಲಾರೆನೆಂದು ಅವಳಿಗೆ ಗೊತ್ತಿತ್ತು. "ಬರೋ ಗುರುವಾರ ಇನ್ನೊಂದು ದಿನ ಬೇಕು. ಅವತ್ತಿಂದ ನೋಡೋಕೆ ಬಿಡ್ತಾರಂತೆ."

"ಈಗೇನು ಕಾರಣ?"

"ಅದೇ. ಮಾತಾಡೋಕೆ. ಈ ಸಲ ನಾನು."

ದೊಡ್ಡಮ್ಮನ ಮುಖ ಬಿಗಿಯಾಯಿತು. "ನಿನ್ನ ಟ್ರೇ ನಾನು ಮುಟ್ಟಲ್ಲ."

"ಮುಟ್ಟಬೇಡಿ. ಯಾರೂ ಮುಟ್ಟಬೇಡಿ, ನಿಮ್ಮ ಹೊತ್ತಿಗೆ ಮನೆಗೆ ಹೋಗಿ. ಶುಕ್ರವಾರ ಬಂದು ನಾನೇ ಮಾಡ್ತೀನಿ. ಒಂದು ದಿನ ತಡ ಆಗತ್ತೆ ಅಂತ ಡಾಕ್ಟರಿಗೆ ನಾನೇ ಹೇಳ್ತೀನಿ."

ಆ ಕೋಣೆಯಲ್ಲಿ ಅಂಥ ಮಾತು ಯಾರೂ ಆಡಿರಲಿಲ್ಲ. ಟ್ರೇ ಕಾಯಬಹುದು ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲವೋ, ಹೊಳೆದರೂ ಹೇಳುವ ಧೈರ್ಯವಿರಲಿಲ್ಲವೋ. ಅಚ್ಚಿನವನು ಕೈಯಲ್ಲಿದ್ದ ಬಟ್ಟಲಿನೊಳಗೆ ನೋಡುತ್ತ ನಿಂತ, ಪ್ಲಾಸ್ಟರು ಗಟ್ಟಿಯಾಗಿಹೋಯಿತು. ದೊಡ್ಡಮ್ಮ ಚಕ್ರ ಶುರು ಮಾಡಿದರು. ಅವತ್ತೂ ಮುಂದಿನ ದಿನಗಳಲ್ಲೂ ಅವಳ ಜೊತೆ ಮಾತಾಡಲಿಲ್ಲ.

ಸೋಮವಾರ ಪುಟ್ಟಿ ಮೇಜಿನ ಮುಂದೆಯೇ ಇದ್ದಳು. ಅಕ್ಕ ಹೇಳಿದ ಹಾಗೆಯೇ. ಬೆಳಿಗ್ಗೆಯಿಂದ ಕೂರಿಸಿದ ಹಲ್ಲುಗಳನ್ನೆಲ್ಲ ಮಧ್ಯಾಹ್ನ ಕಿತ್ತು ಮತ್ತೆ ಕೂರಿಸಿದಳು. ಅಕ್ಕನ ಮಗ ಫೋನು ಮಾಡಿ ಎಲ್ಲ ಸರಿಯಾಗಿ ಆಯಿತು ಎಂದ ಮೇಲೆ ಬಚ್ಚಲಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದಳು.

ಗುರುವಾರ ಆಸ್ಪತ್ರೆಯಲ್ಲಿ ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಕತ್ತಿಗೆ ಬಿಳಿ ಪಟ್ಟಿ, ಮೂಗಿಗೊಂದು ನಳಿಗೆ. ಮುಖ ಚಿಕ್ಕದಾಗಿತ್ತು. ಕಣ್ಣು ಮಾತ್ರ ಹಿಂದಿನ ಹಾಗೇ, ಬಾಗಿಲಿನಿಂದ ಬಂದವಳನ್ನು ಅಡಿಯಿಂದ ಮುಡಿಯ ತನಕ ಅಳೆದವು. ಪುಟ್ಟಿ ಪಕ್ಕದ ಮೇಜಿನ ಮೇಲಿದ್ದ ಲೋಟ ಎತ್ತಿ ತೊಳೆಯಲು ಹೊರಟಳು. ಅಕ್ಕ ಅವಳ ಮಣಿಕಟ್ಟು ಹಿಡಿದು ಕೂರಿಸಿದಳು.

ಕೂತಳು. ಏನು ಹೇಳುವುದು? ಐವತ್ತು ವರ್ಷ ಕೇಳಿದವಳೇ ಹೊರತು ಹೇಳಿದವಳಲ್ಲ. ಹೇಳಲು ಅವಳ ಹತ್ತಿರ ಇದ್ದದ್ದೂ ಅಷ್ಟರಲ್ಲೇ ಇತ್ತು, ಮೇಣ, ಹಲ್ಲು, ಮೂರು ಜನ. ಗಂಟಲು ಸರಿಮಾಡಿಕೊಂಡಳು.

"ದೊಡ್ಡಮ್ಮ ನನ್ನ ಜೊತೆ ಮಾತು ಬಿಟ್ಟಿದಾರೆ ಅಕ್ಕ" ಎಂದಳು. "ಎಲ್ಲ ಹೇಳಿಬಿಟ್ಟೆ. ನಿನಗೆ ನಾದಿನಿ ಇಲ್ಲ ಅಂತಾನೂ ಹೇಳಿದೆ. ಅಚ್ಚಿನವನಿಗೆ ಅದೇ ದೊಡ್ಡ ಬೇಜಾರು. ಅವಳ ದನಿ ಚೆನ್ನಾಗಿತ್ತು ಅಂತಿದಾನೆ."

ಅಕ್ಕನ ಭುಜ ಕುಲುಕಿತು. ಒಂದು ಕ್ಷಣ ಪುಟ್ಟಿ ಹೆದರಿದಳು, ಆಮೇಲೆ ನಗು ಎಂದು ತಿಳಿಯಿತು. ಸದ್ದೇ ಇಲ್ಲದ ನಗು. ಕಣ್ಣಿನಿಂದ ನೀರು ಇಳಿದು ಪಟ್ಟಿಯ ಅಂಚು ಒದ್ದೆಯಾಯಿತು. ಪುಟ್ಟಿಗೆ ಮುಂದಿನ ಮಾತು ಸಿಗಲಿಲ್ಲ, ಸುಮ್ಮನಾದಳು.

ಅಕ್ಕ ಹಾಸಿಗೆಯ ಅಂಚನ್ನು ಬೆರಳಿನಿಂದ ಟಪಟಪ ಬಡಿದಳು, ನಿಲ್ಲಿಸಬೇಡ ಎಂದು. ಪುಟ್ಟಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಬಾಯಿಗೆ ಬಂದದ್ದನ್ನು ಹೇಳತೊಡಗಿದಳು.